ಸಂಕಟಕ್ಕೂ ಕಾಲುಸಂಕಕ್ಕೂ ನಂಟಿದೆಯೇ?

ಮಲೆನಾಡಿನ ಓದುಗರೊಬ್ಬರು, ವೃತ್ತಿಯಲ್ಲಿ ಶಿಕ್ಷಕಿ, ಬರೆದಿದ್ದಾರೆ: ಹಳ್ಳದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ದಾಟಿ ಶಾಲೆಗೆ ಬರುವ ಹುಡುಗಿಯೊಬ್ಬಳು, “ಸಂಕ ದಾಟುವುದು ಕಷ್ಟ, ಅದಕ್ಕೇ ಸಂಕಟ ಅನ್ನುವುದಾ ಟೀಚರ್?” ಎಂದು ಕೇಳಿದಳಂತೆ. ಏನು ಹೇಳಲಿ ಎಂಬುದು ಅವರ ಪ್ರಶ್ನೆ.

ಮೊದಲು ಆ ಮಗುವಿಗೆ ನನ್ನ ಶಾಭಾಸ್ ತಿಳಿಸಿ. ಕೆಳಗೆ ಕೆಂಪು ನೀರು ಭೋರ್ಗರೆಯುವಾಗ ಒದ್ದೆ ಅಡಿಕೆ ದಬ್ಬೆಯ ಮೇಲೆ ಹೆಜ್ಜೆಯಿಟ್ಟವರಿಗೆ ಹೊಳೆಯುವ ಪ್ರಶ್ನೆ ಅದು. ಆದರೆ ಹುಟ್ಟಿನ ನಂಟಿಲ್ಲ. ‘ಸಂಕ’ ಬಂದದ್ದು ದಾಟುವ ಅರ್ಥದ ‘ಸಂಕ್ರಮ’ದಿಂದ, ಸಂಕ್ರಾಂತಿಯ ಒಡಹುಟ್ಟು ಅದು.

‘ಸಂಕಟ’ಕ್ಕೆ ಸಂಸ್ಕೃತದಲ್ಲಿ ಮೊದಲ ಅರ್ಥ ನೋವಲ್ಲ, ಇಕ್ಕಟ್ಟು. ಕಿರಿದಾದ ದಾರಿ, ಕಿಕ್ಕಿರಿದ ಜಾಗ ಸಂಕಟ. ‘ಸಂ’ ಉಪಸರ್ಗಕ್ಕೆ ‘ಕಟ’ ಪ್ರತ್ಯಯ ಸೇರಿ ಆದ ಮಾತೆಂದು ಪಾಣಿನಿಯ ಸೂತ್ರವಿದೆ. ಪ್ರಕಟ, ಉತ್ಕಟ, ವಿಕಟಗಳೂ ಅದೇ ಅಚ್ಚಿನವು. ಇಕ್ಕಟ್ಟಿನಲ್ಲಿ ಸಿಕ್ಕವನ ಪಾಡೇ ಮುಂದೆ ಸಂಕಟವಾಯಿತು. ಋಗ್ವೇದದ ‘ಅಂಹಸ್’ ಎಂಬ ಮಾತಿಗೂ ಇಕ್ಕಟ್ಟು, ಕಷ್ಟ ಎರಡೂ ಅರ್ಥ. ಇಂಗ್ಲಿಷಿನ ‘ಆಂಗ್ವಿಶ್’, ಜರ್ಮನ್ನಿನ ‘ಆಂಗ್‌ಸ್ಟ್’ ಅದರ ದೂರದ ಬಳಗ.

ಹಿಂದಿ, ಮರಾಠಿಗಳಲ್ಲಿ ಸಂಕಟವೆಂದರೆ ಎದುರಾಗುವ ಆಪತ್ತು. ‘ಸಂಕಟ ಬಂದಾಗ ವೆಂಕಟರಮಣ’ ಎನ್ನುವಾಗ ನಮ್ಮದೂ ಅದೇ. ಆದರೆ ಕನ್ನಡ ಆ ಮಾತನ್ನು ಮೈಯೊಳಕ್ಕೂ ಕರೆದುಕೊಂಡಿತು: ಹೊಟ್ಟೆ ಸಂಕಟ, ಎದೆ ಸಂಕಟ, ಕರುಳಿನ ಸಂಕಟ. ನನ್ನ ತಾಯಿ ಕಡೆಯ ದಿನಗಳಲ್ಲಿ ಮಲಗಲಾರದೆ ದಿಂಬಿಗೊರಗಿ ಕೂತಿರುತ್ತಿದ್ದರು. “ಎಲ್ಲಿ ನೋವು ಅಮ್ಮಾ?” ಎಂದು ಡಾಕ್ಟರು ಕೇಳಿದರೆ ಅಂಗೈಯನ್ನು ಎದೆಯ ಮೇಲೆ ಅಗಲವಾಗಿಟ್ಟು, “ನೋವಲ್ಲಪ್ಪಾ, ಸಂಕಟ” ಎನ್ನುತ್ತಿದ್ದರು. ನೋವಿಗೆ ಬೆರಳಿಟ್ಟು ತೋರಿಸುವ ಜಾಗವಿರುತ್ತದೆ, ಅವರದಕ್ಕೆ ಇರಲಿಲ್ಲ. ಉಸಿರಿಗೇ ಒಳಗೆ ಎಡೆ ಸಾಲದಾಗಿತ್ತು. ಪಾಣಿನಿಯ ಹೆಸರನ್ನೂ ಕೇಳದಿದ್ದವರು ಆ ಮಾತನ್ನು ಅದರ ಮೂಲದ ಅರ್ಥದಲ್ಲೇ ಆಡುತ್ತಿದ್ದರು.

ಆದ್ದರಿಂದಲೇ ನಮಗೆ ಬರುವ ಲೇಖನಗಳಲ್ಲಿ ‘ಆರ್ಥಿಕ ಸಂಕಟ’ ಕಂಡರೆ ‘ಬಿಕ್ಕಟ್ಟು’ ಎಂದು ತಿದ್ದುತ್ತೇನೆ. ಸಾಲಕ್ಕೆ ಸಿಕ್ಕಿದ ರೈತನ ಸಂಕಟ ಎಂದಿದ್ದರೆ ಮುಟ್ಟುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ “ಸಂಕ ದಾಟುವಾಗ ಸಂಕಟವಾಗುತ್ತದೆ” ಎಂದು ಬರೆದರೆ ಕೆಂಪು ಶಾಯಿ ಹಚ್ಚಬೇಡಿ. ಸಂಕಕ್ಕೊಂದು ಹಿಡಿಗಂಬ ಕಟ್ಟಿಸಿಕೊಡಲು ಊರವರಿಗೆ ಹೇಳಿ.