ನಾವು ಸೇವೆಗೆ ಹೋಗುವ ಅನಾಥಾಶ್ರಮಕ್ಕೆ ಹಣದ ಕಷ್ಟ. ನಮ್ಮ ಸಂಬಳ ಹಾಕಿ ನಡೆಸಬಹುದಾ?

ನಿಮ್ಮ ಪತ್ರ ಓದಿದೆ. ಸಾಗರದ ಕಡೆಯ ಆಶ್ರಮ, ಚರ್ಚ್ ಸಭೆಯ ಎಂಟು ಯುವಕರು, ಅಂಗಡಿಯಲ್ಲಿ ಏರುತ್ತಿರುವ ಉದ್ರಿ. ತಿಂಗಳಿಗೆ ತಲಾ ಮೂರು ಸಾವಿರ ಹಾಕಿ, ಯಾರಿಗೂ ಹೇಳದೆ ತೀರಿಸೋಣ ಅನ್ನೋ ಯೋಚನೆ. ಬೇಡ, ದಯವಿಟ್ಟು ಬೇಡ. ಇದನ್ನೇ ನಾನು ಎರಡು ವರ್ಷ ಮಾಡಿದ್ದೇನೆ.

ಆಗ ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಬಳ 18,000. ಶನಿವಾರ ಮಧ್ಯಾಹ್ನ ತೀರ್ಥಹಳ್ಳಿ ಬಸ್ಸು ಹತ್ತಿದರೆ ಕತ್ತಲಾಗುವಷ್ಟರಲ್ಲಿ ಹೋಮ್ ಮುಟ್ಟುತ್ತಿದ್ದೆ. ಅನಾಥ ಮಕ್ಕಳ ಆ ಹೋಮ್ ನಡೆಸುತ್ತಿದ್ದ ಪಾಸ್ಟರ್ ಅಯ್ಯನವರು, ಅವರ ಹೆಂಡತಿ ಅಮ್ಮನವರು, 22 ಮಕ್ಕಳು. ಮಕ್ಕಳಿಗೆ ಗಣಿತ ಹೇಳಿಕೊಡೋದು, ಭಾನುವಾರ ಆರಾಧನೆ ಆದಮೇಲೆ ಸೌದೆ ಒಡೆಯೋದು ನನ್ನ ಸೇವೆ. ಮಳೆಗಾಲದಲ್ಲಿ ಯೂನಿಫಾರಂ ಒಣಗುತ್ತಿರಲಿಲ್ಲ. ಅಮ್ಮನವರು ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಹರವುತ್ತಿದ್ದರು. ಬೆಳಿಗ್ಗೆ ಸಾಲಾಗಿ ಶಾಲೆಗೆ ಹೊರಟ ಮಕ್ಕಳ ಮೈಯೆಲ್ಲ ಹೊಗೆ ವಾಸನೆ. ಈಗಲೂ ಯಾರದೋ ಮನೆಯ ಬಚ್ಚಲೊಲೆಯ ಹೊಗೆ ಮೂಗಿಗೆ ಬಡಿದರೆ ನನಗೆ ಆ ಸಾಲು ಕಣ್ಣಿಗೆ ಕಟ್ಟುತ್ತದೆ.

2016ರ ಜುಲೈನಲ್ಲಿ ಒಂದು ದಿನ ಸಾಮಾನು ತರಲು ಅಂಗಡಿಗೆ ಹೋದೆ. ಶೆಟ್ರು ಉದ್ರಿ ಪುಸ್ತಕ ತಿರುಗಿಸಿ ನನ್ನ ಮುಂದಿಟ್ಟರು. "ಅಯ್ಯನವ್ರ ಹತ್ರ ಕೇಳೋಕೆ ನಂಗೆ ಬಾಯೇ ಬರಲ್ಲ. ನೀವಾದ್ರೂ ನೋಡಿ" ಅಂದರು. ಬಾಕಿ 7,000 ಚಿಲ್ಲರೆ. ಜೇಬಿನಲ್ಲಿ ಸಂಬಳ ಇತ್ತು, ಕೊಟ್ಟುಬಿಟ್ಟೆ. "ಯಾರು ಕೊಟ್ಟಿದ್ದು ಅಂತ ಬರೀಬೇಡಿ. ಜಮಾ ಅಂತಷ್ಟೇ ಬರ್ಕೊಳ್ಳಿ" ಅಂದೆ.

ಇದೇ ನಾನು ಮಾಡಿದ ತಪ್ಪು. ಹಣ ಕೊಟ್ಟಿದ್ದರಲ್ಲಿ ತಪ್ಪಿಲ್ಲ. ಹೆಸರು ಬರೆಸದೆ ಕೊಟ್ಟೆನಲ್ಲ, ಅದು. ಮಂಡಿಯಲ್ಲಿ ಹೆಸರಿಲ್ಲದ ಜಮಾ ಒಂದು ಬಂದರೂ ರಾತ್ರಿ ಹತ್ತಾದರೂ ಸರಿ, ಯಾರದ್ದು ಅಂತ ಹುಡುಕಿಯೇ ಮನೆಗೆ ಹೋಗುತ್ತಿದ್ದವನು ನಾನು. ಆದರೆ ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಸಂಡೇ ಸ್ಕೂಲಿನಿಂದ ಕೇಳಿ ಬೆಳೆದಿದ್ದೆ. ಹೇಳಿಕೊಂಡರೆ ಪುಣ್ಯ ಹೋಗುತ್ತದೆ ಅಂದುಕೊಂಡೆ. ಮುಂದಿನ ತಿಂಗಳೂ ಕಟ್ಟಿದೆ. ಅದರ ಮುಂದಿನ ತಿಂಗಳೂ.

ಇದರಿಂದ ಏನಾಯಿತು ನೋಡಿ. ತಿಂಗಳ ಕೊನೆಗೆ ಅಯ್ಯನವರು ಅಂಗಡಿಗೆ ಹೋದರೆ ಬಾಕಿ ಇಲ್ಲ. ಹಿಂದಿನ ರಾತ್ರಿಯೆಲ್ಲ ಮೊಣಕಾಲೂರಿ ಬೇಡಿಕೊಂಡಿರುತ್ತಿದ್ದರು, ಬೆಳಿಗ್ಗೆ ಬಾಕಿ ತೀರಿದೆ. ಅವರ ಜಾಗದಲ್ಲಿ ನಾನಿದ್ದರೂ ದೇವರೇ ತೀರಿಸಿದ ಅಂತಲೇ ಅಂದುಕೊಳ್ಳುತ್ತಿದ್ದೆ. ಭಾನುವಾರ ಸಭೆಯಲ್ಲಿ, ದೇವರು ಹೀಗೆ ನಡೆಸಿದ ಅಂತ ಎಲ್ಲರ ಮುಂದೆ ಸಾಕ್ಷಿ ಹೇಳಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಕೈಚಾಚದೆ ಬರೀ ಪ್ರಾರ್ಥನೆಯಿಂದ ಸಾವಿರಾರು ಅನಾಥರನ್ನು ಸಾಕಿದ ಕಥೆ ಹೇಳಿದರು. ಜನ ಕಣ್ಣೊರೆಸಿಕೊಂಡರು. ಮೂರನೇ ಬೆಂಚಿನಲ್ಲಿ ಕೂತಿದ್ದ ನನಗೂ ಸಂತೋಷವೇ ಆಯಿತು. ಮುಂದಿನ ವಾರ ಕೊಪ್ಪದ ಕಡೆಯ ಎಸ್ಟೇಟಿನಿಂದ ಯಾರೋ ನಾಲ್ಕು ಮಕ್ಕಳನ್ನು ಕರೆತಂದು ಬಿಟ್ಟರು. ದೇವರು ಹೇಗೂ ನಡೆಸುತ್ತಿದ್ದಾನಲ್ಲ ಅಂತ ಅಯ್ಯನವರು ಸೇರಿಸಿಕೊಂಡರು. 22 ಇದ್ದದ್ದು 26 ಆಯಿತು.

ನನ್ನ ಸಂಬಳ ನೋಡಿ ಅವರು ನಾಲ್ಕು ಮಕ್ಕಳ ಭಾರ ಹೊತ್ತರು. ಅದು ನನ್ನ ಸಂಬಳ ಅಂತ ಅವರಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಹೇಳಲು ನನಗೂ ಆಗಲಿಲ್ಲ. ಹೇಳಿದರೆ ಅವರ ಸಾಕ್ಷಿ ಸುಳ್ಳಾಗುತ್ತದಲ್ಲ ಅಂತ ಹೆದರಿದೆ. ತಿಂಗಳಿಗೆ 10,000 ಕಟ್ಟತೊಡಗಿದೆ. ಒಂದು ಚೀಟಿ ಎತ್ತಿದೆ.

ಜಾರ್ಜ್ ಮುಲ್ಲರ್ ಬಗ್ಗೆ ಒಂದು ಮಾತು ಹೇಳಲೇಬೇಕು, ನೀವೂ ಅವರ ಹೆಸರು ಬರೆದಿದ್ದೀರಿ. ಅವರು ಯಾರನ್ನೂ ಕೇಳಲಿಲ್ಲ, ನಿಜ. ಆದರೆ ಕೊಟ್ಟವರಿಗೆಲ್ಲ ರಸೀದಿ ಕೊಡುತ್ತಿದ್ದರು. ಏನು ಬಂತು, ಯಾವುದಕ್ಕೆ ಹೋಯಿತು ಅಂತ ಪ್ರತಿ ವರ್ಷ ಅಚ್ಚು ಹಾಕಿಸುತ್ತಿದ್ದರು. ನಮ್ಮ ಕಡೆ ಚರ್ಚಿನ ಪ್ರಸಂಗಗಳಲ್ಲಿ ಈ ಭಾಗವನ್ನು ಯಾಕೋ ಯಾರೂ ಹೇಳುವುದಿಲ್ಲ.

2018ರ ಜೂನ್‌ನಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ನಾನು ಕಟ್ಟುವುದು ನಿಂತಿತು. ಆ ವರ್ಷದ ಮಳೆ ನಿಮಗೂ ನೆನಪಿರಬಹುದು. ಅಡಿಕೆ ತೋಟಗಳಿಗೆಲ್ಲ ಕೊಳೆರೋಗ. ಮಲೆನಾಡಿನಲ್ಲಿ ಜನರ ಕೈಗೆ ದುಡ್ಡು ಬರೋದೇ ಅಡಿಕೆ ಕೊನೆ ಕೊಯ್ದ ಮೇಲೆ. ಮಳೆಗಾಲದಲ್ಲಿ ಕಾಣಿಕೆ ಯಾವತ್ತೂ ಕಡಿಮೆ, ಆ ವರ್ಷ ಅರ್ಧಕ್ಕೆ ಇಳಿಯಿತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಶೆಟ್ರ ಬಾಕಿ 90,000. ಅವರೂ ಎಷ್ಟು ಅಂತ ತಡೆದಾರು? ಉದ್ರಿ ನಿಲ್ಲಿಸಿದರು. ಅಮ್ಮನವರು ಬೆಳಿಗ್ಗೆ ಮಕ್ಕಳಿಗೆ ತೆಳ್ಳಗಿನ ಗಂಜಿ ಬಡಿಸಿ, ತಾವು ಸೌಟು ತೊಳೆದ ನೀರು ಕುಡಿದಿದ್ದನ್ನು ನಾನು ನೋಡಿದ್ದೇನೆ.

ನವೆಂಬರ್‌ನಲ್ಲಿ ಒಬ್ಬ ಹುಡುಗ ಶಾಲೆಯ ಪ್ರಾರ್ಥನೆಯಲ್ಲಿ ತಲೆಸುತ್ತಿ ಬಿದ್ದ. ಟೀಚರ್ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಅವರು ಮಾಡಿದ್ದು ಸರಿ. ಅಧಿಕಾರಿಗಳು ಬಂದು ರಿಜಿಸ್ಟರ್ ಕೇಳಿದರು. ಹೊಸ ನಾಲ್ಕು ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿಯೇ ಇರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಇರುವುದು 24 ಗಂಟೆ. ಒಂದು ವಾರದಲ್ಲಿ ಮಕ್ಕಳನ್ನೆಲ್ಲ ಬೇರೆ ಬೇರೆ ಕಡೆ ಕಳಿಸಿದರು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಜೀಪಿನ ಹತ್ತಿರ ಟ್ರಂಕ್ ಹಿಡಿದು ನಿಂತು, "ಅಣ್ಣಾ, ಪರೀಕ್ಷೆ ಯಾವ ಶಾಲೇಲಿ ಬರೀಬೇಕು?" ಅಂದಳು. ನನಗೆ ಗೊತ್ತಿರಲಿಲ್ಲ. ಅವಳು ಆ ಸಲ ಗಣಿತದಲ್ಲಿ ಫೇಲಾದಳು. ನಾನು ಹೇಳಿಕೊಡುತ್ತಿದ್ದ ವಿಷಯ.

ಎಲ್ಲ ಮುಗಿದ ಮೇಲೆ ಅಯ್ಯನವರಿಗೆ ಹೇಳಿದೆ. ಅವರು ಬಯ್ಯಲಿಲ್ಲ. "ಮೊದಲೇ ಹೇಳಿದ್ರೆ ಆ ನಾಲ್ಕು ಮಕ್ಕಳನ್ನ ನಾನು ಒಳಗೆ ಕರ್ಕೊಳ್ತಿರಲಿಲ್ಲ ಕಣಪ್ಪ" ಅಂದರು, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆಶ್ರಮ ನಡೆಸಲು ಹಣ ಹೇಗೆ ಹೊಂದಿಸೋದು ಅಂತ ಕೇಳಿದ್ದೀರಿ. ಅದಕ್ಕೂ ಮೊದಲು, ಅಲ್ಲಿರುವ ಮಕ್ಕಳಲ್ಲಿ ಎಷ್ಟು ಜನ ನಿಜವಾಗಿ ಅನಾಥರು ಅಂತ ಕೇಳಬೇಕು. ನಮ್ಮ 26ರಲ್ಲಿ 17 ಮಕ್ಕಳಿಗೆ ಅಮ್ಮನೋ ಅಜ್ಜಿಯೋ ಇದ್ದರು. ಇದು ನಮಗೆಲ್ಲ ಗೊತ್ತಿತ್ತು, ಆದರೂ ಯಾರೂ ಆ ದಿಕ್ಕಿನಲ್ಲಿ ಯೋಚಿಸಲಿಲ್ಲ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆ ಮನೆಗೆ ಹೋಗಿ ವಿಚಾರಿಸಿ, ಒಂಬತ್ತು ಮಕ್ಕಳನ್ನು ಮನೆಗೇ ಸೇರಿಸಿದರು. ಸೊರಬದ ಕಡೆ ಅಡಿಕೆ ಸುಲಿಯಲು ಹೋಗುವ ಒಬ್ಬ ತಾಯಿಗೆ ರೇಷನ್ ಕಾರ್ಡೇ ಇರಲಿಲ್ಲ. ಅನ್ನಭಾಗ್ಯ ಶುರುವಾಗಿ ಐದು ವರ್ಷ ಆಗಿದ್ದರೂ ಆ ಮನೆಗೆ ಒಂದು ಕಾಳು ಅಕ್ಕಿ ಬಂದಿರಲಿಲ್ಲ. "ಅಕ್ಕಿ ಇದ್ದಿದ್ರೆ ನಾನ್ಯಾಕೆ ಮಗನ್ನ ಬಿಡ್ತಿದ್ದೆ?" ಅಂದಳು. ಆ ಕಾರ್ಡಿಗೆ ನಾವು ಒಂದು ದಿನ ತಾಲೂಕು ಆಫೀಸಿಗೆ ಓಡಾಡಿದ್ದರೆ, ಅದು ನಾನು ಎರಡು ವರ್ಷ ಕಟ್ಟಿದ ಹಣಕ್ಕಿಂತ ದೊಡ್ಡ ಸೇವೆ ಆಗುತ್ತಿತ್ತು.

ಮಗು ಮನೆಯಲ್ಲೇ ಬೆಳೆಯಲಿ ಅಂತ ಸರ್ಕಾರ ಕೊಡುವ ಪ್ರಾಯೋಜಕತ್ವದ ಹಣ ಆಗ ತಿಂಗಳಿಗೆ 2,000 ಇತ್ತು. ಈಗ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ 4,000. ಗಂಡ ಸತ್ತ, ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳಿಗೆ, ಅಜ್ಜಿ ಮನೆಯಲ್ಲಿರುವ ಅನಾಥ ಮಕ್ಕಳಿಗೆ ಸಿಗುತ್ತದೆ. ಹಳ್ಳಿಯವರಾದರೆ ವರ್ಷದ ಆದಾಯ 72,000 ಮೀರಿರಬಾರದು. ಅರ್ಜಿ ಹಾಕುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಐದನೇ ಕ್ಲಾಸಿನಲ್ಲಿರುವ ಮಕ್ಕಳಿಗೆ ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಕಟ್ಟಿಸಿ. ಎಂಟು ಜನ ಇದ್ದೀರಿ, ಓದಿದವರು, ಬೈಕ್ ಇದೆ. ಈ ಓಡಾಟ ನಿಮ್ಮಿಂದ ಆಗುತ್ತದೆ.

ಮಕ್ಕಳ ಫೋಟೋ, ವಿಡಿಯೋ ಹಾಕಿ ಆನ್‌ಲೈನ್‌ನಲ್ಲಿ ಹಣ ಎತ್ತುವ ವಿಚಾರ ಬಿಟ್ಟುಬಿಡಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ನಾಳೆ ಅವರಲ್ಲೊಬ್ಬ ಹುಡುಗಿ ಕಾಲೇಜಿಗೆ ಹೋದಾಗ ಯಾರೋ ಆ ವಿಡಿಯೋ ತೋರಿಸಿದರೆ? ಇನ್ನು ವಿದೇಶದ ಸಭೆ ಕಳಿಸುವ ಹಣಕ್ಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕೇ ಬೇಕು. ನೋಂದಣಿ ಇರುವ ಬೇರೆ ಸಂಸ್ಥೆಯ ಮೂಲಕ ತರಿಸೋಣ ಅಂದರೆ 2020ರ ತಿದ್ದುಪಡಿ ಅದನ್ನೂ ನಿಲ್ಲಿಸಿದೆ. ನಿಮ್ಮ ಸ್ವಂತ ಖಾತೆಗಂತೂ ತರಿಸಲೇಬೇಡಿ.

ಹಣ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಡಿ, ರಸೀದಿ ಹಾಕಿಸಿ ಕೊಡಿ. ಈ ಭಾನುವಾರ ನಿಮ್ಮ ಆಶ್ರಮದ ಅಯ್ಯನವರನ್ನು ಕೂರಿಸಿಕೊಂಡು ಮೂರು ಕೇಳಿ: ಅಂಗಡಿಯ ಉದ್ರಿ ಪುಸ್ತಕ, ಮಕ್ಕಳ ರಿಜಿಸ್ಟರ್, ಬಾಲನ್ಯಾಯ ಕಾಯ್ದೆಯಡಿ ಆಶ್ರಮದ ನೋಂದಣಿ ಪತ್ರ. ನೋಂದಣಿ ಐದು ವರ್ಷಕ್ಕೆ ಮುಗಿಯುತ್ತದೆ, ತಾರೀಖು ನೋಡಿ. ಕೇಳಲು ಸಂಕೋಚ ಆಗುತ್ತದೆ, ನನಗೂ ಆಗಿತ್ತು. ಆದರೂ ಕೇಳಿ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಕಾಣಿಕೆ ಆರು ತಿಂಗಳಿಂದ ಅರ್ಧ ಆಗಿದೆ, ಆದರೂ ಅಂಗಡಿಯವರು ಸಾಮಾನು ನಿಲ್ಲಿಸಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಎಂಟು ಜನರಲ್ಲಿ ಒಬ್ಬರು ಈಗಾಗಲೇ ಗುಟ್ಟಾಗಿ ಕಟ್ಟುತ್ತಿರಬಹುದು. ಯಾರು ಅಂತ ಕೇಳಿ.