ಅಪಘಾತದ ಭಯಕ್ಕೆ ಪರಿಹಾರ ಬೇಕಿದ್ದರೆ ಮೊದಲು ಅದು ಒಪಿಡಿ ಚೀಟಿಯಲ್ಲಿ ಬರಲಿ

ಅಪಘಾತದಲ್ಲಿ ಮುರಿದ ಕಾಲರ್ ಬೋನ್ ಕೂಡಿಕೊಂಡಿದೆ, ಮೂರು ತಿಂಗಳಾದರೂ ಕಾರಿನಲ್ಲಿ ಕೂತರೆ ಎದೆ ಹೊಡೆದುಕೊಳ್ಳುತ್ತದೆ, ಈ ಮಾನಸಿಕ ಹಿಂಸೆಗೆ ಬೇರೆಯೇ ಕೇಸು ಹಾಕಿ ಎಷ್ಟು ಕೇಳಬಹುದು ಎಂದಿದ್ದೀರಿ. ನನ್ನ ತಂಗಿಗೆ ಆದದ್ದೂ ಇದೇ, ಮುರಿದ ಮೂಳೆಯೂ ಅದೇ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ಅವಳ ಎಂವಿಸಿ (ಮೋಟಾರು ಅಪಘಾತ ಪರಿಹಾರದ ಕೇಸು) ಫೈಲಿನಲ್ಲಿ ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣೆಯ ಐಎಂವಿ ವರದಿ, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲುಗಳು ಎಲ್ಲ ಇದ್ದವು. ರಾತ್ರಿ ಬೆಚ್ಚಿ ಏಳುತ್ತಾಳೆ ಎಂಬ ಒಂದು ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ. ಕೇಸು ಸೋತದ್ದು ಅಲ್ಲೇ.

ಹೇಗೆಂದು ಬಿಡಿಸಿ ಹೇಳುತ್ತೇನೆ, ನಿಮಗಿನ್ನೂ ಸಮಯವಿದೆ. ಮೂಳೆ ಡಾಕ್ಟರು ಪ್ರತಿ ಸಲ ಕೇಳುತ್ತಿದ್ದದ್ದು ಕೈ ಎಷ್ಟು ಮೇಲೆ ಹೋಗುತ್ತದೆ ಎಂದು. ಅವಳು ಕೈಯ ವಿಷಯ ಹೇಳಿ ಎದ್ದು ಬರುತ್ತಿದ್ದಳು. ಚೀಟಿಯಲ್ಲಿ ‘ನೋವು ಕಡಿಮೆ, ಹೊಸ ದೂರುಗಳಿಲ್ಲ’ ಎಂದು ಬರೆಯಲಾಗುತ್ತಿತ್ತು. ವರ್ಷ ದಾಟಿ ಸಾಕ್ಷ್ಯಕ್ಕೆ ದಿನಾಂಕ ಬಿದ್ದ ಮೇಲೆ ಒಬ್ಬ ಮನೋವೈದ್ಯರಲ್ಲಿಗೆ ಒಮ್ಮೆ ಹೋಗಿ ಸರ್ಟಿಫಿಕೇಟ್ ತಂದದ್ದಾಯಿತು. ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆ ವೈದ್ಯರನ್ನು ಕೇಳಿದ್ದು ನಾಲ್ಕೇ ಪ್ರಶ್ನೆ. ಇವರು ನಿಮ್ಮಲ್ಲಿಗೆ ಎಷ್ಟು ಸಲ ಬಂದಿದ್ದಾರೆ? ಇದಕ್ಕೂ ಮೊದಲು ಯಾವ ವೈದ್ಯರಿಗಾದರೂ ಈ ತೊಂದರೆ ಹೇಳಿದ ದಾಖಲೆ ನೋಡಿದ್ದೀರಾ? ಔಷಧ ಬರೆದಿದ್ದೀರಾ? ಅಪಘಾತದಿಂದಲೇ ಬಂದದ್ದೆಂದು ಹೇಗೆ ಹೇಳುತ್ತೀರಿ? ಕೊನೆಯದಕ್ಕೆ ಉತ್ತರ ‘ಅವರು ಹೇಳಿದ್ದರಿಂದ’. ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಆ ಸರ್ಟಿಫಿಕೇಟನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ನ್ಯಾಯಾಧೀಶರು ಅವಳನ್ನು ನಂಬಲಿಲ್ಲ ಎಂದು ಅರ್ಥಮಾಡಿಕೊಳ್ಳಬೇಡಿ. ಮೂಳೆ ಮುರಿದದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ, ವರ್ಷ ಬಿಟ್ಟು ಬೇರೆ ವೈದ್ಯರು ಅಳೆದರೂ ಹಳೆಯ ಫಿಲ್ಮು ಸಾಕ್ಷಿ ಹೇಳುತ್ತದೆ. ಭಯಕ್ಕೆ ಅಂಥ ಫಿಲ್ಮಿಲ್ಲ. ಆಗಿನ ತಾರೀಖಿನಲ್ಲಿ ಆಗಿನ ವೈದ್ಯರು ಬರೆದ ಚೀಟಿಯೇ ಅದರ ಎಕ್ಸ್‌ರೇ. ಅಪಘಾತಕ್ಕೂ ಮೊದಲ ಚೀಟಿಗೂ ನಡುವೆ ಖಾಲಿ ತಿಂಗಳು ಹೆಚ್ಚಿದಷ್ಟೂ ‘ಇದು ಮನೆಯ ಜಗಳದಿಂದ, ಕೆಲಸದ ಒತ್ತಡದಿಂದ ಬಂದದ್ದು’ ಎನ್ನಲು ಎದುರು ಪಕ್ಷಕ್ಕೆ ಜಾಗ ಸಿಗುತ್ತದೆ.

ಆದ್ದರಿಂದ ಎಷ್ಟು ಕೇಳಬಹುದು ಎನ್ನುವುದನ್ನು ಸದ್ಯ ಪಕ್ಕಕ್ಕಿಡಿ. ಈ ವಾರವೇ ಮನೋವೈದ್ಯರನ್ನು ಕಾಣಿ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಒಪಿಡಿ ಇದೆ, ಬೇರೆ ಕಡೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಅಲ್ಲೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯ ಚೀಟಿಗೆ ತೂಕ ಕಡಿಮೆ ಎನ್ನುವ ಮಾತನ್ನು ನಂಬಬೇಡಿ.

ಒಳಗೆ ಹೋದಾಗ ‘ಮನಸ್ಸಿಗೆ ಬೇಜಾರು’ ಎಂದರೆ ಸಾಲದು. ಅಪಘಾತದ ತಾರೀಖು ಹೇಳಿ. ಕನಸು ವಾರಕ್ಕೆ ಎಷ್ಟು ಸಲ, ನಿದ್ದೆ ಎಷ್ಟು ಗಂಟೆ, ಯಾವ ಸದ್ದಿಗೆ ಬೆಚ್ಚುತ್ತೀರಿ, ಯಾವ ರಸ್ತೆ ಬಿಟ್ಟು ಸುತ್ತಿ ಹೋಗುತ್ತೀರಿ, ಯಾವ ಕೆಲಸ ನಿಂತಿದೆ, ಇವನ್ನು ಬಿಡಿಬಿಡಿಯಾಗಿ ಹೇಳಿ. ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದಿದ್ದರೆ ವೈದ್ಯರು, ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಯಾದ ಪಿಟಿಎಸ್‌ಡಿ ಇದೆಯೇ ಎಂದು ನೋಡುತ್ತಾರೆ. ರೋಗನಿರ್ಣಯವನ್ನು ಐಸಿಡಿ (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ಸಂಕೇತದೊಂದಿಗೆ ಬರೆಯಲು ಕೇಳಿಕೊಳ್ಳಿ. ಐಸಿಡಿ-10ರಲ್ಲಿ ಪಿಟಿಎಸ್‌ಡಿಗೆ ಎಫ್43.1, ಹೊಂದಾಣಿಕೆಯ ತೊಂದರೆಗೆ ಎಫ್43.2. ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿಯಿದೆ, ಒಟ್ಟು 80 ಅಂಕ, 31ರಿಂದ 33ರ ಮೇಲೆ ಬಂದರೆ ಪಿಟಿಎಸ್‌ಡಿ ಇರುವ ಸಂಭವವಿದೆ ಎಂದು ಎಣಿಸುತ್ತಾರೆ. ಅದನ್ನು ಮೊದಲ ಭೇಟಿಯಲ್ಲೂ ಆಮೇಲೆ ಕೆಲವು ತಿಂಗಳಿಗೊಮ್ಮೆಯೂ ಮಾಡಿಸಿದರೆ ಏರಿಳಿತ ದಾಖಲೆಯಾಗುತ್ತದೆ. ಮೊದಲೇ ಖಿನ್ನತೆಗೆ ಔಷಧ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಮುಂಚೆ ಎಷ್ಟಿತ್ತು, ಅಪಘಾತದ ನಂತರ ಎಷ್ಟು ಹೆಚ್ಚಾಯಿತು ಎಂದು ತೋರಿಸಬಹುದು. ಮುಚ್ಚಿಟ್ಟದ್ದು ಹೊರಬಿದ್ದರೆ ಉಳಿದ ಮಾತೂ ಬಿದ್ದುಹೋಗುತ್ತದೆ.

ಚಿಕಿತ್ಸೆ ತೆಗೆದುಕೊಂಡು ವಾಸಿಯಾದರೆ ಪರಿಹಾರ ಕಡಿಮೆಯಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅದನ್ನು ನಂಬಿ ಚಿಕಿತ್ಸೆ ಬಿಡಬೇಡಿ, ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಔಷಧದ ಬಿಲ್ಲು, ಥೆರಪಿಯ ಶುಲ್ಕ, ಆಟೋ ಬಾಡಿಗೆ, ರಜೆ ಹಾಕಿದ ದಿನಗಳ ಸಂಬಳ ಎಲ್ಲವೂ ಕೇಳಬಹುದಾದ ಹಣ. ಚಿಕಿತ್ಸೆಯನ್ನೇ ಪಡೆಯದವರಿಗೆ ಕಾಯಿಲೆಯೇ ಇರಲಿಲ್ಲ ಎಂಬ ವಾದ ಎದುರಾಗುತ್ತದೆ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಆಲ್‌ಪ್ರಜೋಲಾಮ್ ಎಂಬ ಆತಂಕದ ಮಾತ್ರೆ ತಂದು ನುಂಗಬೇಡಿ. ಅದು ಅಭ್ಯಾಸವಾಗುತ್ತದೆ, ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ. ಕೆಲಸ ಮಾಡುವುದು ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣಿನ ಚಲನೆ ಬಳಸುವ ಚಿಕಿತ್ಸೆ), ವೈದ್ಯರು ಬರೆದರೆ ಸರ್ಟ್ರಲಿನ್‌ನಂಥ ಔಷಧ. ಥೆರಪಿಯಲ್ಲಿ ಹಂತಹಂತವಾಗಿ ಒಡ್ಡಿಕೊಳ್ಳುವ ಅಭ್ಯಾಸವಿದೆ: ಮೊದಲು ಎಂಜಿನ್ ಆಫ್ ಆದ ಕಾರಿನಲ್ಲಿ ಕೂರುವುದು, ಆಮೇಲೆ ಎಂಜಿನ್ ಹಾಕಿ, ಆಮೇಲೆ ಮನೆಯ ಬೀದಿಯಲ್ಲಿ ಒಂದು ಸುತ್ತು, ಕೊನೆಗೆ ಅದೇ ಸಿಗ್ನಲ್. ಭಯಕ್ಕೆ 0ರಿಂದ 100ರವರೆಗೆ ಅಂಕ ಹಾಕಿ, ಅದು ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಕೂರಬೇಕು. ಭಯ ತುದಿಗೇರಿದಾಗ ಇಳಿದು ಓಡಿದರೆ ಮುಂದಿನ ಸಲ ಇನ್ನೂ ಕಷ್ಟ. ಆ ಅಂಕಗಳ ನೋಟ್‌ಬುಕ್ಕನ್ನು ಪ್ರತಿ ಭೇಟಿಗೂ ಒಯ್ಯಿರಿ, ಅದರ ಸಾರ ಆಸ್ಪತ್ರೆಯ ಕೇಸ್ ಶೀಟಿಗೆ ಹೋಗಲಿ. ನಿಮ್ಮ ಆರೋಗ್ಯ ವಿಮೆ ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಇನ್ನು ‘ಬೇರೆ ಕೇಸು’. ಅಂಥದೊಂದು ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಒಂದೇ ಅರ್ಜಿ, ಮನಸ್ಸಿನ ಪೆಟ್ಟೂ ಅದರೊಳಗೇ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಶೀರ್ಷಿಕೆಗಳನ್ನು ವಿಂಗಡಿಸುವಾಗ ನೋವು, ಯಾತನೆ ಮತ್ತು ಆಘಾತವನ್ನು ಒಂದು ಶೀರ್ಷಿಕೆಯಾಗಿಯೂ ಬದುಕಿನ ಸುಖಸೌಕರ್ಯಗಳ ನಷ್ಟವನ್ನು ಇನ್ನೊಂದಾಗಿಯೂ ಹೇಳಿದೆ. ಮೈಗೆ ಒಂದು ಗೀರೂ ಆಗದೆ ಬರಿಯ ಭಯಕ್ಕೆ ಪರಿಹಾರ ಕೇಳುವುದು ನಮ್ಮಲ್ಲಿ ಕಷ್ಟ, ಏಕೆಂದರೆ ನ್ಯಾಯಮಂಡಳಿಯ ಅಧಿಕಾರ ಸಾವು, ದೇಹಕ್ಕಾದ ಗಾಯ ಮತ್ತು ಆಸ್ತಿ ಹಾನಿಗೆ ಸಂಬಂಧಿಸಿದ್ದು. ನಿಮಗೆ ಮೂಳೆ ಮುರಿದಿದೆ, ಹಾಗಾಗಿ ಆ ತೊಡಕಿಲ್ಲ. ಅರ್ಜಿಯಲ್ಲೇ ಮಾನಸಿಕ ತೊಂದರೆಯ ವಿವರ ಬರಲಿ. ಆಮೇಲೆ ಸೇರಿಸಿದರೆ ವಕೀಲರು ಹೇಳಿಕೊಟ್ಟದ್ದೆಂಬ ಅನುಮಾನ ಬರುತ್ತದೆ.

ಎಷ್ಟು ಸಿಗಬಹುದೆಂಬುದು ನಿಮ್ಮ ಕೆಲಸದ ಮೇಲೆ ನಿಂತಿದೆ. ಕಚೇರಿ ಕೆಲಸ, ಸಂಬಳ ಮೊದಲಿನಷ್ಟೇ ಬರುತ್ತಿದ್ದರೆ ಮುಂದಿನ ಆದಾಯದ ನಷ್ಟ ಸಿಗುವುದು ಕಷ್ಟ, ಮೇಲಿನ ಎರಡು ಶೀರ್ಷಿಕೆಗಳಲ್ಲಿ ಒಟ್ಟು ಮೊತ್ತವಾಗಿ ಬರುತ್ತದೆ. ಕ್ಯಾಬ್ ಓಡಿಸುವವರ ಲೆಕ್ಕ ಬೇರೆ. ವಯಸ್ಸು 34, ತಿಂಗಳ ಆದಾಯ 20,000 ರೂಪಾಯಿ, ದುಡಿಮೆಯ ಸಾಮರ್ಥ್ಯದಲ್ಲಿ ಶೇ 10 ಕುಂದು ಎಂದು ಒಪ್ಪಿದರೆ 20,000 × 12 × 16 × ಶೇ 10, ಅಂದರೆ 3,84,000. ಈ 16 ಎಂಬುದು 31ರಿಂದ 35 ವಯಸ್ಸಿಗೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪು ಕೊಟ್ಟ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ. ಮಾನಸಿಕ ಅಂಗವೈಕಲ್ಯವನ್ನು ಅಳೆಯಲು ಐಡಿಯಾಸ್ ಎಂಬ ಮಾಪನವಿದೆ: ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. 2024ರಲ್ಲಿ ಸುಪ್ರೀಂ ಕೋರ್ಟ್ ಕೆ.ಎಸ್. ಮುರಳೀಧರ್ ಪ್ರಕರಣದಲ್ಲಿ ನೋವು ಮತ್ತು ಯಾತನೆಗೇ 15 ಲಕ್ಷ ಕೊಟ್ಟಿತು. ಅದು ಕರ್ನಾಟಕ ಹೈಕೋರ್ಟಿನಿಂದ ಹೋದ ಮೇಲ್ಮನವಿ. ಆದರೆ ಅಲ್ಲಿದ್ದದ್ದು ಬದುಕಿಡೀ ಉಳಿಯುವ ತೀವ್ರ ಅಂಗವೈಕಲ್ಯ. ಕೂಡಿಕೊಂಡ ಕಾಲರ್ ಬೋನ್‌ಗೆ ಆ ಅಂಕಿ ತೋರಿಸಿ ನಿಮ್ಮಲ್ಲಿ ಆಸೆ ಹುಟ್ಟಿಸುವ ವಕೀಲರಿಂದ ದೂರವಿರಿ.

ಸಮಯದ ಮಾತು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮಗಿರುವುದು ಮೂರು ತಿಂಗಳು. ಪೊಲೀಸರು ನ್ಯಾಯಮಂಡಳಿಗೆ ಕಳಿಸುವ ಅಪಘಾತ ವರದಿಯನ್ನೇ ಅರ್ಜಿ ಎಂದು ಪರಿಗಣಿಸಬಹುದಾದರೂ ಅದನ್ನು ನಂಬಿ ಕೂರಬೇಡಿ, ಅದರಲ್ಲಿ ಬರುವುದು ಮೂಳೆಯ ವಿಷಯ ಮಾತ್ರ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಬೆಂಗಳೂರಿನಲ್ಲಾದರೆ ಅದು ಲಘು ವ್ಯವಹಾರಗಳ ನ್ಯಾಯಾಲಯ.

ಈ ನಡುವೆ ವಿಮಾ ಕಂಪನಿಯವರು ರಾಜಿಗೆ ಕರೆಯುತ್ತಾರೆ. ಅದೇ ಕಾಯ್ದೆಯ 164ನೇ ಕಲಂ ಅಡಿ ಯಾರ ತಪ್ಪೆಂದು ಸಾಬೀತು ಮಾಡದೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಸಿಗುತ್ತದೆ, ಮೂಳೆ ಮುರಿತ ತೀವ್ರ ಗಾಯವೇ. ಮನೆಯಲ್ಲಿ ಹಣದ ಮುಗ್ಗಟ್ಟಿದ್ದರೆ ಅದನ್ನು ಕಡೆಗಣಿಸಬೇಡಿ. ಆದರೆ ಅದನ್ನು ಒಪ್ಪಿ ಪಡೆದರೆ ನ್ಯಾಯಮಂಡಳಿಯ ಅರ್ಜಿ ಅಲ್ಲಿಗೆ ಮುಗಿಯಿತು. ಲೋಕ ಅದಾಲತ್ತಿನ ರಾಜಿಯೂ ಹಾಗೆಯೇ, ಅದರ ಮೇಲೆ ಅಪೀಲಿಲ್ಲ. ಮನೋವೈದ್ಯರು ಇನ್ನೂ ಎಷ್ಟು ತಿಂಗಳ ಚಿಕಿತ್ಸೆ ಬೇಕು, ಅದಕ್ಕೆ ಎಷ್ಟು ಖರ್ಚು ಎಂದು ಬರೆದುಕೊಡುವವರೆಗೆ ರಾಜಿಯ ಒಪ್ಪಂದ ಪತ್ರವಾದ ಜಂಟಿ ಮೆಮೊಗೆ ಸಹಿ ಹಾಕಬೇಡಿ. ಆ ಪತ್ರ ಕೈಯಲ್ಲಿದ್ದರೆ ರಾಜಿಯ ಮೇಜಿನಲ್ಲೂ ಆ ಖರ್ಚನ್ನು ಸೇರಿಸಿಯೇ ಮಾತು ಶುರು ಮಾಡಬಹುದು.

ಒಪಿಡಿಯ ದಿನ ಬರುವ ಮೊದಲೇ ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.