ಒಂದೆಲಗದ ಚಟ್ನಿಗಿಂತ ಮೊದಲು

ಪ್ರಶ್ನೆ: ನಾನು 69 ವರ್ಷದ ನಿವೃತ್ತ ಶಿಕ್ಷಕಿ, ಸಸ್ಯಾಹಾರಿ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದೇನೆ. ರಥಬೀದಿಯಲ್ಲಿ ಎದುರಾಗುವ ಹಳೆಯ ವಿದ್ಯಾರ್ಥಿಗಳ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಗುತ್ತದೆ. ದಿನವೂ ಒಂದೆಲಗದ ಚಟ್ನಿ ತಿನ್ನುತ್ತಿದ್ದೇನೆ. ಇದು ಮರೆಗುಳಿ ಕಾಯಿಲೆಯ ಆರಂಭವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಕಾಲು ತೊಳೆಯುವಾಗ ನೆನಪಾಗುತ್ತದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ಮಾತು ಅದೇ. ವಯಸ್ಸಾದಂತೆ ಹೆಸರನ್ನು ಹುಡುಕಿ ತೆಗೆಯಲು ಮೆದುಳಿಗೆ ಹೆಚ್ಚು ಹೊತ್ತು ಬೇಕಾಗುತ್ತದೆಯೇ ಹೊರತು ಹೆಸರೇನೂ ಅಳಿಸಿಹೋಗಿರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಬೇರೆ, ಉಕ್ಕಿ ಚೆಲ್ಲಿದ ಹಾಲನ್ನು ಕಂಡ ಮೇಲೂ ಅದನ್ನು ಇಟ್ಟವರು ತಾವೇ ಎಂದು ನೆನಪಾಗದಿರುವುದು ಬೇರೆ. ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಬಾರಿ ಕೇಳುವುದು, ದಿನವೂ ನಡೆದ ದಾರಿಯಲ್ಲಿ ತಪ್ಪುವುದು, ಚಿಲ್ಲರೆ ಲೆಕ್ಕದಲ್ಲಿ ಎಡವುವುದು ಕಂಡುಬಂದರೆ ಚಿಂತಿಸಬೇಕು. ಅಂಥವನ್ನು ಸಾಮಾನ್ಯವಾಗಿ ಮೊದಲು ಗಮನಿಸುವವರು ಮನೆಯವರು.

ಆದರೆ ನೀವು ಗಮನಿಸದೆ ಬರೆದ ಇನ್ನೊಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಮೆಟ್‌ಫಾರ್ಮಿನ್ ಅನ್ನು ಬಹಳ ವರ್ಷ ಸೇವಿಸಿದವರಲ್ಲಿ ಬಿ12 ವಿಟಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗಂತೂ ಅದು ಹೆಚ್ಚಾಗಿ ಸಿಗುವುದು ಹಾಲು ಮೊಸರಿನಿಂದ ಮಾತ್ರ. ಈ ಕೊರತೆ ರಕ್ತಹೀನತೆಯಾಗಿ ತೋರುವ ಮೊದಲೇ ನೆನಪನ್ನು ಮಂಕಾಗಿಸಬಹುದು, ಪಾದಗಳಲ್ಲಿ ಜೋಮು ತರಬಹುದು. ಬೇಗ ಗೊತ್ತಾದರೆ ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಪಡಿಸಬಹುದು, ತಡವಾದರೆ ನರಗಳಿಗಾದ ಹಾನಿ ಪೂರ್ತಿ ಮಾಯದೆ ಉಳಿಯಬಹುದು. ಬಿ12, ಥೈರಾಯ್ಡ್ ಎರಡನ್ನೂ ಈ ವಾರವೇ ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಒಂದೆಲಗ, ಅಂದರೆ ನಮ್ಮ ತಿಮರೆ. ತೆಂಗಿನಕಾಯಿ, ಹಸಿಮೆಣಸಿನೊಂದಿಗೆ ಅರೆದ ಆ ಚಟ್ನಿ ನನಗೂ ಪ್ರಿಯವೇ. ಆದರೆ ಅದು ಮರೆಗುಳಿತನವನ್ನು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಗಂಜಿಯ ಜೊತೆ ರುಚಿಗೆಂದು ತಿನ್ನಿ.

ಪ್ರಶ್ನೆ: ತಾಳಮದ್ದಳೆಯನ್ನು ಎಂದೂ ತಪ್ಪಿಸದಿದ್ದ ನನ್ನ ತಂದೆ (76) ಈಗ ಮನೆಬಿಟ್ಟು ಹೊರಡುವುದಿಲ್ಲ. ಕೇಳಿದ್ದೊಂದಾದರೆ ಉತ್ತರ ಇನ್ನೊಂದು. ಟಿವಿಯ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ನೆನಪಿನ ಶಕ್ತಿ ಹೆಚ್ಚಿಸುವ ಮೊಬೈಲ್ ಆಟ ಹಾಕಿಕೊಡಲೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಟಿವಿಯ ಸದ್ದೇ ಅರ್ಧ ಉತ್ತರ ಹೇಳುತ್ತಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡು ಮತ್ತು ಮಾತು; ಅರ್ಥಧಾರಿಯ ಮಾತಿನ ತುದಿ ಕೇಳಿಸದವನಿಗೆ ಸಭೆಯಲ್ಲಿ ಕುಳಿತು ಮಾಡುವುದೇನು? ಸರಿಯಾಗಿ ಕಿವಿಗೆ ಬೀಳದ್ದು ನೆನಪಿನಲ್ಲಿ ಉಳಿಯುವುದೂ ಇಲ್ಲ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ, ಡಿಮೆನ್ಷಿಯಾ (ಮರೆಗುಳಿತನ) ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟಕ್ಕೆ ನಾವು ಬದಲಾಯಿಸಬಹುದಾದ 14 ಕಾರಣಗಳ ಸಂಬಂಧವಿದೆ ಎಂದು ಅಂದಾಜು ಮಾಡಿತು. ರಕ್ತದೊತ್ತಡ, ಮಧುಮೇಹ, ಧೂಮಪಾನ, ಒಂಟಿತನಗಳಿರುವ ಆ ಪಟ್ಟಿಯಲ್ಲಿ ಕಿವುಡು ಹೆಚ್ಚು ತೂಕದ ಕಾರಣಗಳಲ್ಲೊಂದು.

ಮೊದಲು ಕಿವಿಯ ಗುಗ್ಗೆ ತೆಗೆಸಿ, ನಂತರ ಶ್ರವಣ ಪರೀಕ್ಷೆ ಮಾಡಿಸಿ. ಯಂತ್ರ ಬೇಕೆಂದರೆ ಕೊಡಿಸಿ, ಆದರೆ ಮೊದಲ ವಾರಗಳಲ್ಲಿ ತಟ್ಟೆ ಲೋಟದ ಸದ್ದೂ ಸಿಡಿಲಿನಂತೆ ಕೇಳಿಸುವುದರಿಂದ ಅನೇಕರು ಅದನ್ನು ಕಪಾಟಿಗೆ ಸೇರಿಸಿಬಿಡುತ್ತಾರೆ. ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ ರೂಢಿ ಮಾಡಿಸಬೇಕು. ಮೊಬೈಲ್ ಆಟ ಆಡಿದವರು ಮುಖ್ಯವಾಗಿ ಆ ಆಟದಲ್ಲೇ ಪಳಗುತ್ತಾರೆ. ಅಟ್ಟದ ಮೇಲಿನ ಚೆನ್ನೆಮಣೆಯನ್ನು ಇಳಿಸಿ ಮೊಮ್ಮಗನನ್ನು ಎದುರಿಗೆ ಕೂರಿಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ: ಎಣಿಕೆಯ ಜೊತೆಗೆ ಮಾತೂ ನಡೆಯುತ್ತದೆ.

ಪ್ರಶ್ನೆ: ನಿದ್ರೆಗೆ ಆಲ್ಪ್ರಜೋಲಾಂ, ತುರಿಕೆಗೆ ಅಲರ್ಜಿ ಮಾತ್ರೆ ಸೇವಿಸುವ ನನ್ನ ತಾಯಿ (72) ನಾಲ್ಕು ದಿನಗಳಿಂದ ಹಗಲು ರಾತ್ರಿಯ ಪರಿವೆಯಿಲ್ಲದೆ ಗೊಂದಲಗೊಂಡಿದ್ದಾರೆ. ವಯಸ್ಸಿನ ಮರೆವೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಅಲ್ಲ. ಅಚ್ಚಾಗುವವರೆಗೆ ಕಾಯಬಾರದೆಂದು ಇವರಿಗೆ ಫೋನಿನಲ್ಲೇ ಉತ್ತರಿಸಿದ್ದೇನೆ; ಇತರರ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತಿದ್ದೇನೆ. ದಿನಗಳೊಳಗೆ ಹುಟ್ಟಿದ ಗೊಂದಲಕ್ಕೆ ಮೂತ್ರದ ಸೋಂಕು, ಸೋಡಿಯಂ ಇಳಿಕೆ ಅಥವಾ ಈ ಮಾತ್ರೆಗಳೇ ಕಾರಣವಾಗಿರಬಹುದು. ಆಲ್ಪ್ರಜೋಲಾಂ ಅನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಳೆದ ಕೆಲವು ವಾರಗಳಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರೆ, ಪೆಟ್ಟು ಸಣ್ಣದೆನಿಸಿದ್ದರೂ, ಅದನ್ನು ವೈದ್ಯರಿಗೆ ಮೊದಲು ಹೇಳಿ.